ಮಗ್ಗದ ಮನೆಯ ಮಾತು

ನಾನು ನಿಂತಿದ್ದದ್ದು ದೊಡ್ಡಬಳ್ಳಾಪುರದ ಒಂದು ಅಡ್ಡರಸ್ತೆಯಲ್ಲಿ, ಮಗ್ಗದ ಮನೆಯ ಹೊಸ್ತಿಲಿನಿಂದ ಒಂದು ಹೆಜ್ಜೆ ಹೊರಗೆ. ಎಡಗಾಲಿನ ಚಪ್ಪಲಿ ಬಿಟ್ಟಾಗಿತ್ತು, ಬಲಗಾಲಿನದು ಇನ್ನೂ ಇತ್ತು. ದೀಪಾವಳಿ ಕಳೆದ ಎರಡನೆಯ ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕೈಯಲ್ಲಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣವಿತ್ತು. ಒಳಗೆ ಕೂತಿದ್ದ ನನ್ನ ಹೆಂಡತಿಗೂ ನನಗೂ ಹದಿನಾಲ್ಕು ಅಡಿ ದೂರ. ಇದನ್ನು ಆಮೇಲೆ ಟೇಪು ಹಿಡಿದು ಅಳೆದೆ. ಅಲ್ಲಿಂದ ಕಂಡದ್ದನ್ನು ನಾನು ಸರಿಯಾಗಿ ಕಂಡೆನೇ ಎಂದು ಕೆಲವು ದಿನ ನನಗೇ ಅನುಮಾನವಿತ್ತು. ಕಾರ್ಖಾನೆಯೊಂದರಲ್ಲಿ ತಕ್ಕಡಿ, ಥರ್ಮಾಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅಂದಾಜಿನ ಮೇಲೆ ಏನನ್ನೂ ಹೇಳುವ ಅಭ್ಯಾಸವಿಲ್ಲ.

ಅಲ್ಲಿಗೆ ನಾವು ಹೇಗೆ ಬಂದೆವು ಎಂಬುದನ್ನು ಮೊದಲು ಹೇಳಬೇಕು.

ನನ್ನ ಹೆಂಡತಿ ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ಮೂರು ವರ್ಷ ಗಣಿತ ಕಲಿಸಿದವಳು. ಗಂಟಲಿನಲ್ಲಿ ಗೆಡ್ಡೆಯಾಗಿ ಆಪರೇಷನ್ ಮಾಡಬೇಕಾಯಿತು. ಗೆಡ್ಡೆ ದನಿಯ ನರಕ್ಕೆ ಅಂಟಿಕೊಂಡಿದೆ, ದನಿ ಉಳಿಯುವುದು ಕಷ್ಟ ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮಾತಾಡಿದರೆ ಗಾಳಿ ಬರುತ್ತದೆ, ಅಷ್ಟೆ. ಒಂದು ಮೊಳ ದೂರದಲ್ಲಿ ಕಿವಿಯಿಟ್ಟರೆ ಒಂದೆರಡು ಅಕ್ಷರ ಸಿಕ್ಕೀತು. ಅದಕ್ಕಿಂತ ಆಚೆ ಏನೂ ಕೇಳಿಸುವುದಿಲ್ಲ.

ದನಿಯಿಲ್ಲದವರಿಗೆ ಬೆಂಗಳೂರು ಎಷ್ಟು ಕಷ್ಟದ ಊರು ಎಂದು ನಮಗೆ ಆಗ ಗೊತ್ತಾಯಿತು. ಅಲ್ಲಿ ಎಲ್ಲವೂ ಫೋನಿನಲ್ಲೇ. ಪಾರ್ಸಲ್ ತಂದವನು ಗೇಟಿನಲ್ಲಿ ನಿಂತು ಫೋನ್ ಮಾಡುತ್ತಾನೆ. ಇವಳು ಎತ್ತುತ್ತಾಳೆ. ಅವನು "ಹಲೋ ಮೇಡಂ, ಹಲೋ" ಎಂದು ನಾಲ್ಕು ಸಲ ಕೂಗಿ, "ನೆಟ್‌ವರ್ಕ್ ಸರಿಯಿಲ್ಲ" ಎಂದು ತಾನೇ ತೀರ್ಮಾನಿಸಿ ಪಾರ್ಸಲನ್ನು ವಾಪಸು ಒಯ್ಯುತ್ತಾನೆ. ಪಕ್ಕದ ಫ್ಲಾಟಿನ ಹೆಂಗಸು ಒಳ್ಳೆಯವರೇ, ಆದರೆ ಇವಳ ಹತ್ತಿರ ಮಾತಾಡುವಾಗ ಕೂಗಿ ಕೂಗಿ ಹೇಳುವರು. ದನಿ ಹೋಗಿದೆ, ಕಿವಿ ಹೋಗಿಲ್ಲ ಎಂದು ಇವಳು ಸ್ಲೇಟಿನಲ್ಲಿ ಎರಡು ಸಲ ಬರೆದು ತೋರಿಸಿದಳು. ಅದನ್ನೂ ಅವರು ಗಟ್ಟಿಯಾಗಿ ಓದಿದರು. ಜನ ಮೊದಲು ಇವಳ ಕತ್ತು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಆರು ತಿಂಗಳಾಗುವಷ್ಟರಲ್ಲಿ ಇವಳು ಸ್ಲೇಟು ಹಿಡಿಯುವುದನ್ನೂ ಬಿಟ್ಟಳು. ತುಟಿ ಅಲುಗಿಸುವುದಂತೂ ಎಂದೋ ನಿಂತಿತ್ತು. ಗಾರೆ ಕೆಲಸದವನಿಂದ ಹಿಡಿದು ಶಿಕ್ಷಣಾಧಿಕಾರಿಯವರೆಗೆ ಎಲ್ಲರ ಹತ್ತಿರ ಹರಟುತ್ತಿದ್ದವಳು, ಸಂಜೆ ನಾನು ಬಂದರೆ ಫೋನಿನಲ್ಲಿ "ಸಾರು ಬಿಸಿ ಮಾಡಿಕೊಳ್ಳಿ" ಎಂದು ಟೈಪು ಮಾಡಿ ಕಳಿಸುವಳು. ಅದೂ ಪಕ್ಕದ ಕೋಣೆಯಿಂದ.

ನನ್ನ ಕಾರ್ಖಾನೆ ದೊಡ್ಡಬಳ್ಳಾಪುರದ ಕಡೆಗೆ ಹೋಯಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ ಎಂದೆ. ಇವಳು ಟೈಪು ಮಾಡಿದಳು: "ಅಲ್ಲೇ ಇರೋಣ. ಸಣ್ಣ ಊರು. ಫೋನ್ ಕಡಿಮೆ." ಆ ಮೂರು ತುಂಡು ವಾಕ್ಯಗಳೇ ನಮ್ಮ ವಲಸೆಯ ಕಾರಣ. ನೆಂಟರು ಬೇರೆ ಬೇರೆ ಕಾರಣ ಊಹಿಸಿದರು. ನಂದಿಬೆಟ್ಟದ ಗಾಳಿಗೆ ಎಂದು ಒಬ್ಬರು, ವಿಮಾನ ನಿಲ್ದಾಣದ ಪಕ್ಕದಲ್ಲಿ ಸೈಟು ಮಾಡಿದ್ದಾರೆ ಎಂದು ಇನ್ನೊಬ್ಬರು.

ಮನೆ ನೋಡಿದ್ದು ಭೀಮನ ಅಮಾವಾಸ್ಯೆಯ ದಿನ. ತಪ್ಪಾದದ್ದು ಅಲ್ಲೇ. ಮೇಲಿನ ಅಂತಸ್ತು, ಎರಡು ಕೋಣೆ, ತಾರಸಿಯಿಂದ ಬೆಳಗ್ಗೆ ಬೆಟ್ಟ ಕಾಣುತ್ತದೆ ಎಂದರು. ಬೀದಿ ತಣ್ಣಗಿತ್ತು. ಇಷ್ಟು ನಿಶ್ಶಬ್ದದ ಮನೆ ನನ್ನ ಜನ್ಮದಲ್ಲಿ ನೋಡಿರಲಿಲ್ಲ ಎಂದು ಮನೆಯ ಓನರಿಗೆ ಹೇಳಿದೆ. ಅವರು "ಇವತ್ತು ಅಮಾಸೆ ಅಲ್ವಾ ಸಾರ್" ಎಂದರು. ಅದರ ಅರ್ಥ ನನಗೆ ಹೊಳೆಯಲಿಲ್ಲ.

ಶ್ರಾವಣ ಬಂದ ಮೂರನೆಯ ದಿನ ಹಾಲು ಉಕ್ಕಿಸಿದೆವು. ಹಾಲು ಉಕ್ಕುವ ಮೊದಲೇ ನೆಲ ಅದುರಿತು. ಕೆಳಗೆ ಆರು ಪವರ್‌ಲೂಮ್ ಮಗ್ಗಗಳು, ಅಮಾವಾಸ್ಯೆಗಷ್ಟೇ ರಜೆ, ಉಳಿದ ದಿನ ಬೆಳಗ್ಗೆ ಎಂಟಕ್ಕೆ ಶುರು. ಎದುರು ಮನೆಯಲ್ಲಿ ನಾಲ್ಕು, ಹಿಂದಿನ ಬೀದಿಯಲ್ಲಿ ಎಣಿಸಲಿಲ್ಲ. ಲೋಟದಲ್ಲಿ ನೀರಿಟ್ಟರೆ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ. ನಾನು ನೆಲದ ಮೇಲೆ ಕೂತು ತಲೆ ಹಿಡಿದುಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ನಗುವಿಗೂ ದನಿಯಿಲ್ಲ. ಆದರೆ ಆ ಗದ್ದಲದಲ್ಲಿ ಯಾರ ನಗುವಿಗೂ ಇರಲಿಲ್ಲ.

ಅವಳು ಒಂದು ಷರತ್ತು ಹಾಕಿದ್ದಳು: "ನನ್ನ ದನಿಯ ವಿಷಯ ನೀವಾಗಿ ಯಾರಿಗೂ ಹೇಳಬೇಡಿ. ಅವರಾಗಿ ಕಂಡುಕೊಳ್ಳಲಿ." ಒಪ್ಪಿದೆ. ಸಣ್ಣ ಊರು, ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡೆ.

ಬೇರೆಲ್ಲವೂ ಎರಡು ದಿನದಲ್ಲಿ ಗೊತ್ತಾಯಿತು. ನಾವು ಯಾವ ಕಡೆಯವರು, ಯಾಕೆ ಬೆಂಗಳೂರು ಬಿಟ್ಟೆವು, ನಾನು ಯಾವ ಬಸ್ಸಿಗೆ ಹೋಗುತ್ತೇನೆ, ಬೆಳಗ್ಗೆ ಎಷ್ಟು ಇಡ್ಲಿ ತಿನ್ನುತ್ತೇನೆ. ಅಂಗಡಿಯವನ ಹತ್ತಿರ ಬಾಯಿ ಬಿಡಬೇಕಾಗಿಲ್ಲ. ನಿನ್ನೆ ತೆಗೆದುಕೊಂಡದ್ದನ್ನೇ ಇವತ್ತೂ ಕಟ್ಟಿಕೊಡುತ್ತಾನೆ, ಬೇಡವೆಂದರೆ ತಲೆಯಾಡಿಸಿದರಾಯಿತು. ದಾರಿ ಕೇಳಿದರೆ ಎಲ್ಲವೂ "ಇಲ್ಲೇ". ಬಸ್ ನಿಲ್ದಾಣ ಇಲ್ಲೇ, ಆಸ್ಪತ್ರೆ ಇಲ್ಲೇ, ಎರಡು ಕಿಲೋಮೀಟರಿನ ಕೆರೆಯೂ ಇಲ್ಲೇ. ಪಾರ್ಸಲ್ ತರುವವನು ಫೋನ್ ಮಾಡದೆ ನೇರ ಮೆಟ್ಟಿಲು ಹತ್ತುತ್ತಾನೆ. ನಾವಿಲ್ಲದಿದ್ದರೆ ಮಗ್ಗದ ಮನೆಯಲ್ಲಿ ಕೊಟ್ಟು ಹೋಗುತ್ತಾನೆ. ಒಂದು ವಾರವಾಯಿತು, ಎರಡು ವಾರವಾಯಿತು. ನನ್ನ ಹೆಂಡತಿಗೆ ದನಿಯಿಲ್ಲ ಎಂದು ಮಾತ್ರ ಯಾರೂ ಗಮನಿಸಿದಂತೆ ಕಾಣಲಿಲ್ಲ.

ಕಾರಣ ತಿಳಿದದ್ದು ಒಂದು ಪಾರ್ಸಲಿನಿಂದ. ಅದನ್ನು ತರಲು ಕೆಳಗೆ ಹೋದವಳು ಒಂದು ಗಂಟೆಯಾದರೂ ಬರಲಿಲ್ಲ. ನಾನು ಇಳಿದು ಹೋಗಿ ಕಿಟಕಿಯಲ್ಲಿ ಇಣುಕಿದೆ. ಆರು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಒಂದನೆಯ ಮಗ್ಗದಲ್ಲಿ ಓನರ ಹೆಂಡತಿ, ಐವತ್ತರ ಹೆಂಗಸು, ಕೈ ಎಳೆಗಳ ಮೇಲೆ, ಕಣ್ಣು ನನ್ನ ಹೆಂಡತಿಯ ಮುಖದ ಮೇಲೆ. ಮೂಲೆಯಲ್ಲಿ ಅವರ ಅತ್ತೆ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮೂರನೆಯ ಮಗ್ಗದಲ್ಲಿ ಕೂಲಿಗೆ ನೇಯುವ ಒಬ್ಬ ಮನುಷ್ಯ, ನನ್ನ ವಯಸ್ಸಿನವನೇ. ನನ್ನ ಹೆಂಡತಿ ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದಳು.

ಮಾತಾಡುತ್ತಿದ್ದಳು ಎಂದು ತಿಳಿದೇ ಬರೆಯುತ್ತಿದ್ದೇನೆ. ತುಟಿಗಳು ಪೂರಾ ತೆರೆದು ಮುಚ್ಚುತ್ತಿದ್ದವು, ಹುಬ್ಬು ಏರುತ್ತಿತ್ತು, ಕೈ ಗಾಳಿಯಲ್ಲಿ ತ್ರಿಕೋನ ಬರೆಯುತ್ತಿತ್ತು. ಓನರ ಹೆಂಡತಿ ನಕ್ಕು, ತಾನೂ ತುಟಿಯಲ್ಲೇ ಏನೋ ಉತ್ತರ ಕೊಟ್ಟರು. ಮೂಲೆಯ ಅಜ್ಜಿ ಅದಕ್ಕೆ ಏನೋ ಸೇರಿಸಿದರು. ಒಬ್ಬರ ದನಿಯೂ ಹೊರಗೆ ಬರುತ್ತಿರಲಿಲ್ಲ. ಆ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲವೆಂದು ಅಲ್ಲಿ ಯಾರೂ ಕೂಗುವುದೇ ಇಲ್ಲ. ಹುಟ್ಟಿದಾರಭ್ಯ ಮಗ್ಗದ ಪಕ್ಕದಲ್ಲಿ ಬೆಳೆದವರು ತುಟಿ ನೋಡಿ ಮಾತು ತಿಳಿಯುತ್ತಾರೆ. ಇಪ್ಪತ್ಮೂರು ವರ್ಷ ಕೊನೆಯ ಬೆಂಚಿನವರಿಗೆ ಕಾಣುವಂತೆ ಬಾಯಿ ತೆರೆದು ಪಾಠ ಮಾಡಿದವಳ ತುಟಿಯನ್ನು ಓದುವುದು ಅವರಿಗೆ ಏನೂ ಕಷ್ಟವಾಗಿರಲಿಲ್ಲ.

ಅವರು ಕರುಣೆಯಿಂದ ಹಾಗೆ ಮಾಡುತ್ತಿದ್ದಾರೆ ಎಂದು ನಾನು ಮೊದಲು ಭಾವಿಸಿದೆ. ಅಲ್ಲ. ಇವಳಿಗೆ ದನಿಯಿಲ್ಲ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಇವಳು ಎಲ್ಲರಂತೆ ಮಾತಾಡುತ್ತಾಳೆ, ಸ್ವಲ್ಪ ಜಾಸ್ತಿಯೇ ಮಾತಾಡುತ್ತಾಳೆ, ಅಷ್ಟೇ ಅವರಿಗೆ ಗೊತ್ತಿದ್ದದ್ದು.

ಅಲ್ಲಿಂದ ನನ್ನ ಹೆಂಡತಿಯ ಸುದ್ದಿ ನನಗೆ ಓನರ ಹೆಂಡತಿಯಿಂದ ಬರತೊಡಗಿತು. ಬೆಳಗ್ಗೆ ನೀರು ಬಿಡುವ ಹೊತ್ತಿಗೆ ನಲ್ಲಿಯ ಹತ್ತಿರ ನಿಲ್ಲಿಸಿ ಹೇಳುತ್ತಿದ್ದರು.

"ಅಣ್ಣ, ನಿಮ್ಗೆ ಬದನೆಕಾಯಿ ಸೇರಲ್ವಂತೆ. ಇಷ್ಟು ವರ್ಷ ಸುಮ್ನೆ ತಿಂತಾ ಇದ್ರಂತೆ."

"ಯಾರು ಹೇಳಿದ್ದು?"

"ಇನ್ಯಾರು, ಅಕ್ಕ. ಮದ್ವೆ ಆದ ಹೊಸ್ದರಲ್ಲಿ ಚೆನ್ನಾಗಿದೆ ಅಂದ್ಬಿಟ್ರಂತೆ, ಆಮೇಲೆ ವಾಪಸ್ ತಗೊಳ್ಳಕ್ಕೆ ಆಗ್ಲಿಲ್ವಂತೆ. ಅಕ್ಕಂಗೆ ಮೊದಲೇ ಗೊತ್ತು ಬಿಡಿ. ಬೇಕು ಅಂತ್ಲೇ ಮಾಡ್ತಾರಂತೆ."

ಅವಳಿಗೆ ಗೊತ್ತೆಂಬುದು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನಗೆ ತಿಳಿಯದ ವಿಷಯ. ಕಳೆದ ಒಂದು ವರ್ಷದಲ್ಲಿ ನನಗೆ ಟೈಪು ಮಾಡಿ ಕಳಿಸಿದ್ದೆಲ್ಲವನ್ನೂ ಕೂಡಿಸಿದರೆ, ಒಂದು ಮಧ್ಯಾಹ್ನ ಮಗ್ಗದ ಮನೆಯಲ್ಲಿ ಆಡಿದಷ್ಟು ಆಗುತ್ತಿರಲಿಲ್ಲ. ನಾನೂ ತುಟಿ ನೋಡಲು ಪ್ರಯತ್ನಿಸಿದೆ. "ಉಪ್ಪು" ಎಂದರೆ ಉಪ್ಪು ಕೊಡುವಷ್ಟು ಬಂತು. ಅದರಾಚೆ ಸೋತೆ.

ಈಗ ನನಗೆ ಒಂದು ಭಯ ಶುರುವಾಯಿತು: ಕರೆಂಟಿನ ಭಯ. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಮಗ್ಗಗಳೆಲ್ಲ ನಿಲ್ಲುತ್ತವೆ, ಜನ ಹೊರಗೆ ಬಂದು ಜಗಲಿಯ ಮೇಲೆ ಕೂರುತ್ತಾರೆ, ಗಟ್ಟಿ ದನಿಯಲ್ಲಿ ಮಾತು ಶುರುವಾಗುತ್ತದೆ. ಆ ಹೊತ್ತಿನಲ್ಲಿ ಇವಳು ಕೆಳಗಿದ್ದರೆ ಎಲ್ಲ ತಿಳಿದುಹೋಗುತ್ತದೆ. ಆಮೇಲೆ ಇಲ್ಲೂ ಕತ್ತು ನೋಡಿ ಮುಖ ನೋಡುವುದು, ಕೂಗಿ ಕೂಗಿ ಹೇಳುವುದು. ಇವಳು ಮತ್ತೆ ಬಾಯಿ ಮುಚ್ಚುತ್ತಾಳೆ, ಈ ಸಲ ಪೂರಾ. ಮುಚ್ಚಿದರೆ ಹೋಗಲು ಇದಕ್ಕಿಂತ ಸಣ್ಣ ಊರು ನನ್ನ ಬಳಿ ಇರಲಿಲ್ಲ.

ಇವಳಿಗೂ ಅದು ತಿಳಿದಿತ್ತು. ಕರೆಂಟ್ ತೆಗೆಯುತ್ತಾರೆ ಎಂದು ಮೊದಲೇ ಮೆಸೇಜು ಬರುತ್ತದಲ್ಲ, ಅದನ್ನು ದಿನಾ ನೋಡಿಕೊಂಡೇ ಕೆಳಗೆ ಇಳಿಯುತ್ತಿದ್ದಳು. ಕರೆಂಟ್ ಹೇಳದೆ ಕೇಳದೆ ಹೋದ ಒಂದೆರಡು ಸಲ, ಒಲೆಯ ಮೇಲೆ ಏನೋ ಇಟ್ಟುಬಂದವಳಂತೆ ಕೈ ತೋರಿಸಿ ಥಟ್ಟನೆ ಎದ್ದು ಬಂದಳಂತೆ. ಜಗಲಿಯ ಮೇಲೆ ಯಾರಾದರೂ ಮಾತಾಡಿಸಿದರೆ ನಕ್ಕು ತಲೆಯಾಡಿಸಿ ಮುಂದೆ ಹೋಗುವಳು. ಮಗ್ಗದ ಮನೆಯಲ್ಲಿ ಅಷ್ಟು ಮಾತಾಡುವವಳು ಬೀದಿಯಲ್ಲಿ ಗಂಭೀರ, ಟೀಚರು ಎಂದರೆ ಹಾಗೇ ಎಂದು ಜನ ಅಂದುಕೊಂಡರು.

ಹೀಗೆ ಮೂರು ತಿಂಗಳು ನಡೆಯಿತು.

ಆ ಮಂಗಳವಾರ ನನಗೆ ವಾರದ ರಜೆ. ಎಲ್ಲರಿಗೂ ಬಜ್ಜಿ ತಂದು ಹೊಸ್ತಿಲ ಬಳಿ ಬಂದಿದ್ದೆ. ಒಳಗೆ ನಾಲ್ಕೇ ಜನ: ಒಂದನೆಯ ಮಗ್ಗದಲ್ಲಿ ಓನರ ಹೆಂಡತಿ, ಮೂರನೆಯದರಲ್ಲಿ ಆ ಮನುಷ್ಯ, ಮೂಲೆಯಲ್ಲಿ ಅಜ್ಜಿ, ಸ್ಟೂಲಿನ ಮೇಲೆ ನನ್ನ ಹೆಂಡತಿ. ಉಳಿದ ನೇಕಾರರು ಟೀ ಕುಡಿಯಲು ಹೋಗಿದ್ದರು. ಹೆಂಡತಿ ಯಾವುದೋ ಕಥೆಯ ನಡುವೆ ಇದ್ದಳು, ಎರಡೂ ಕೈ ಮೇಲೆತ್ತಿದ್ದಳು.

ಚಪ್ಪಲಿ ಬಿಡಲು ಬಗ್ಗಿದೆ. ಕರೆಂಟ್ ಹೋಯಿತು.

ಮಗ್ಗ ನಿಲ್ಲುವಾಗ ಒಮ್ಮೆಗೇ ನಿಲ್ಲುವುದಿಲ್ಲ. ಎರಡು ಬಡಿತ ಎಳೆದು, ಒಂದು ಸಲ ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಆಮೇಲೆ ಬೀದಿಯ ಕಾಗೆಯೂ ಕೇಳಿಸುತ್ತದೆ. ನನ್ನ ಹೆಂಡತಿ ಕಥೆಯಲ್ಲಿ ಮುಳುಗಿದ್ದಳು. ಗದ್ದಲವಿದ್ದಾಗಲೂ ಇಲ್ಲದಾಗಲೂ ಅವಳ ಮಾತು ಅವಳಿಗೆ ಒಂದೇ ತೆರ. ಅವಳು ನಿಲ್ಲಿಸಲಿಲ್ಲ. ನಾನು ಎಣಿಸಿದೆ ಎಂದರೆ ಸುಳ್ಳಾಗುತ್ತದೆ, ಆದರೆ ಐದು ಸೆಕೆಂಡಿಗೆ ಕಡಿಮೆಯಿಲ್ಲ. ಐದು ಸೆಕೆಂಡು, ಆ ನಿಶ್ಶಬ್ದದಲ್ಲಿ, ಅವಳ ತುಟಿಗಳು ಸರಸರನೆ ಅಲುಗಿದವು. ಎದುರಿಗಿದ್ದ ಹೆಂಗಸು ಅವನ್ನೇ ನೋಡುತ್ತಿದ್ದರು. ಮಾತು ತಿಳಿಯುತ್ತಿತ್ತು, ದನಿ ಬರುತ್ತಿರಲಿಲ್ಲ.

ಓನರ ಹೆಂಡತಿಯ ಮುಖ ಬಿಳಿಚಿಕೊಂಡಿತು. ಎರಡೂ ಕೈಯಿಂದ ಕಿವಿ ಮುಚ್ಚಿ ತೆಗೆದರು. ಮತ್ತೆ ಮುಚ್ಚಿ ತೆಗೆದರು.

"ಅತ್ತೆ," ಎಂದರು, ಸಣ್ಣ ದನಿಯಲ್ಲಿ. "ಅತ್ತೆ, ನನ್ ಕಿವಿ ಹೋಗ್ಬಿಡ್ತು."

ಮಗ್ಗದವರ ದೊಡ್ಡ ಭಯ ಅದು. ನಲವತ್ತು ವರ್ಷ ನೇಯ್ದರೆ ಕಿವಿ ಒಂದು ದಿನ ಹೋಗಿಯೇ ಹೋಗುತ್ತದೆ ಎಂದು ಅವರಿಗೆ ಗೊತ್ತು, ಯಾವ ದಿನ ಎಂದಷ್ಟೇ ಗೊತ್ತಿಲ್ಲ. ಮೂಲೆಯಲ್ಲಿದ್ದ ಅಜ್ಜಿಯದು ಹೋಗಿ ಎಷ್ಟೋ ಕಾಲವಾಗಿತ್ತು. ಅವರು ಸೊಸೆಯ ತುಟಿ ನೋಡಿ, ರಾಟೆ ನಿಲ್ಲಿಸದೆ ಹೇಳಿದರು:

"ನಂದು ಹೋಗಿ ಇಪ್ಪತ್ತು ವರ್ಷ ಆಯ್ತು. ಏನಾಯ್ತೀಗ, ಮುದ್ದೆ ಸೇರ್ತಿಲ್ವಾ ನಂಗೆ?"

"ಅಯ್ಯೋ, ತಮಾಷೆ ಅಲ್ಲ ಅತ್ತೆ." ಅವರು ಲಾಳಿ ಎತ್ತಿ ಮಗ್ಗದ ಮರಕ್ಕೆ ಬಡಿದರು. ಟಕ್. ಹುಬ್ಬು ಗಂಟಿಕ್ಕಿ ಮತ್ತೆ ಬಡಿದರು. ಟಕ್. ಆಮೇಲೆ ಮೂರನೆಯ ಮಗ್ಗದವನ ಕಡೆ ತಿರುಗಿದರು. "ಲೇ, ಏನಾದ್ರೂ ಮಾತಾಡು."

"ಏನ್ ಮಾತಾಡ್ಲಿ?"

"ಏನಾದ್ರೂ."

ಅವನು ಮಗ್ಗದಲ್ಲಿದ್ದ ಸೀರೆ ನೋಡಿದ. "ಈ ವಾರ ಎರಡು ಸೀರೆ ಮುಗಿಯಲ್ಲ ಅಂತ ಯಜಮಾನ್ರಿಗೆ ಹೇಳ್ಬಿಡಿ."

"ಅದು ಕೇಳ್ತು. ಅದು ಆಗಲ್ಲ." ಅವರು ನಿಧಾನವಾಗಿ ನನ್ನ ಹೆಂಡತಿಯ ಕಡೆ ತಿರುಗಿದರು. "ನಿಂದು ಕೇಳ್ತದೆ, ಅತ್ತೆದು ಕೇಳ್ತದೆ. ಅಕ್ಕಂದು ಒಂದೇ ಕೇಳ್ತಿಲ್ಲ."

ಇಷ್ಟು ಹೊತ್ತಿಗೆ ನನ್ನ ಹೆಂಡತಿಗೆ ಆದದ್ದು ತಿಳಿದಿತ್ತು. ತುಟಿ ಮುಚ್ಚಿದ್ದಳು. ಕೈ ಸೆರಗಿನ ಮೇಲೆ, ಕತ್ತಿನ ಹತ್ತಿರ ಹೋಗಿತ್ತು. ನಾನು ಹೇಳಿಬಿಡೋಣ ಎಂದು ಒಂದು ಹೆಜ್ಜೆ ಇಟ್ಟೆ. ಅವಳು ನನ್ನ ಕಡೆ ನೋಡದೆಯೇ ಅಂಗೈ ಎತ್ತಿ ತಡೆದಳು. ತರಗತಿಯಲ್ಲಿ ಹಾಗೆ ತಡೆಯುತ್ತಿದ್ದಳೇನೋ. ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತೆ.

ಅವಳು ಸೆರಗು ಸರಿಸಿ ಕತ್ತಿನ ಗಾಯದ ಗೆರೆ ತೋರಿಸಿದಳು. ಆಮೇಲೆ ಮಾತಾಡಿದಳು. ನಾನು ನೋಡುತ್ತಿದ್ದೆ, ಒಂದಕ್ಷರ ತಿಳಿಯಲಿಲ್ಲ. ಓನರ ಹೆಂಡತಿ ಓದುತ್ತ ಓದುತ್ತ ಗಟ್ಟಿಯಾಗಿ ಹೇಳಿದರು.

"ಆಪರೇಸನ್ ಆಯ್ತಂತೆ. ಒಂದೂವರೆ ವರ್ಷ ಆಯ್ತಂತೆ. ದನಿ ಹೋಯ್ತಂತೆ, ಬರೋದೂ ಇಲ್ವಂತೆ. ಮೊದಲೇ ಹೇಳಿದ್ರೆ ನೀವು ನನ್ನ ಹತ್ರ ಹೀಗೆ ಮಾತಾಡ್ತಿರ್ಲಿಲ್ಲ ಅಂತ ಹೇಳ್ಲಿಲ್ಲ, ಅಂತಿದ್ದಾರೆ."

ಪೊಟ್ಟಣದ ಎಣ್ಣೆ ನನ್ನ ಕೈಗೆ ಇಳಿಯುತ್ತಿತ್ತು. ಈಗ ಏನು ಹೇಳುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ ಎಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಅಯ್ಯೋ ಪಾಪ ಎಂದರೆ ಮುಗಿಯಿತು. ಬೆಂಗಳೂರಿನಲ್ಲಿ ಎಲ್ಲರೂ ಅಂದದ್ದು ಅದನ್ನೇ.

ಓನರ ಹೆಂಡತಿಗೆ ಸಿಟ್ಟು ಬಂದಿತ್ತು.

"ಅಲ್ಲ ಅಕ್ಕ, ನಿಮ್ ದನಿ ಹೋಗಿದ್ರೆ ನಿಮ್ದು ಹೋಗಿರ್ಲಿ. ನಂದೇ ಕಿವಿ ಹೋಯ್ತು ಅಂತ ನನ್ ಜೀವ ಬಾಯಿಗೆ ಬಂದಿತ್ತಲ್ಲ. ಹಿಂಗಾ ಹೆದರ್ಸೋದು?" ಅವರು ಇನ್ನೊಂದು ಸ್ಟೂಲನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಇರ್ಲಿ. ಆ ಹೆಡ್ಮಾಸ್ಟ್ರು ಕಾಂಪೌಂಡ್ ಹತ್ತಿದ್ರಲ್ಲ, ಆಮೇಲೆ? ಇಳಿದ್ರಾ ಇಲ್ವಾ?"

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. ಬೀದಿಯಲ್ಲಿ ಜನ ಜಗಲಿಗೆ ಬಂದು ಕೂರುತ್ತಿದ್ದರು, ಮಾತು ಕೇಳಿಸುತ್ತಿತ್ತು. ಗದ್ದಲದ ಮರೆ ಇರಲಿಲ್ಲ. ಇಂಥ ನಿಶ್ಶಬ್ದದಲ್ಲಿ ಬರಿಯ ತುಟಿ ಅಲುಗಿಸುವುದನ್ನೇ ಅವಳು ಬೆಂಗಳೂರಿನಲ್ಲಿ ನಿಲ್ಲಿಸಿದ್ದು. ಅವಳು ಬಾಗಿಲ ಕಡೆ ನೋಡಿದಳು, ಅಜ್ಜಿಯನ್ನು ನೋಡಿದಳು. ಅಜ್ಜಿ ರಾಟೆ ನಿಲ್ಲಿಸಿ, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, "ಬೇಗ ಹೇಳವ್ವ, ಕರೆಂಟ್ ಬಂದ್ರೆ ಕಂಡಿಕೆ ಕೇಳ್ತಾರೆ" ಎಂದರು.

ಅವಳು ಶುರು ಮಾಡಿದಳು.

ಹೆಡ್ಮಾಸ್ಟರು ಕಾಂಪೌಂಡಿನಿಂದ ಹೇಗೆ ಇಳಿದರು ಎಂಬುದನ್ನು ನಾನು ನೋಡಿದೆ, ತಿಳಿಯಲಿಲ್ಲ. ಮೂವರೂ ನಕ್ಕರು. ಮೂರನೆಯ ಮಗ್ಗದವನು ಕಣ್ಣು ಒರೆಸಿಕೊಂಡ. ಓನರ ಹೆಂಡತಿ ನನ್ನನ್ನು ಆಗಷ್ಟೇ ಗಮನಿಸಿದರು.

"ಅಣ್ಣಂಗೆ ಅರ್ಥ ಆಗ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ.

"ಒಂದೂವರೆ ವರ್ಷ ಏನ್ ನೋಡ್ತಾ ಇದ್ರಿ ಮತ್ತೆ, ಟೀವಿನಾ? ಒಳಗೆ ಬನ್ನಿ, ಬಜ್ಜಿ ಆರೋಗ್ತದೆ. ಅಲ್ಲಿ ಕೂತ್ಕೊಳಿ, ಬೆಳಕಿಗೆ ಎದುರಾಗಿ. ಅಕ್ಕ, ಇನ್ನೊಂದ್ಸಲ ಹೇಳಿ, ನಿಧಾನಕ್ಕೆ. ಇವ್ರು ಹೊಸಬ್ರು."

ಕೂತೆ. ಅವಳು ನನ್ನ ಕಡೆ ತಿರುಗಿ ಮೊದಲಿನಿಂದ ಹೇಳಿದಳು. ಹೆಡ್ಮಾಸ್ಟರು, ಗೋಡೆ, ನಾಯಿ. ಪಂಚೆ ಎಂಬಲ್ಲಿ ಎರಡು ಸಲ ಕೇಳಿದೆ. ಅದಕ್ಕೆ ಮೊದಲು ನಾನು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಯಾವಾಗ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಕೊನೆಯ ಮಾತು ನನಗೇ ತಿಳಿಯಿತು. ಎಲ್ಲರಿಗಿಂತ ಹತ್ತು ನಿಮಿಷ ತಡವಾಗಿ, ಒಬ್ಬನೇ ನಕ್ಕೆ. ಮೂರು ನಲವತ್ತಕ್ಕೆ ಕರೆಂಟ್ ಬಂತು.

ಇದನ್ನು ನನ್ನೊಡನೆ ಕಂಡವರು ನಾಲ್ವರು. ಅಜ್ಜಿ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಮೂರನೆಯ ಮಗ್ಗದಲ್ಲಿದ್ದ ಮನುಷ್ಯ ಮಗಳ ಊರಾದ, ಇಲ್ಲೇ ಹತ್ತಿರದ ವಿಜಯಪುರಕ್ಕೆ ಹೋದ, ಅಲ್ಲಿ ರೇಷ್ಮೆ ಹುರಿ ಹಾಕುವ ಕಡೆ ಕೆಲಸದಲ್ಲಿದ್ದಾನೆ, ಗಟ್ಟಿಯಾಗಿದ್ದಾನೆ. ಓನರ ಹೆಂಡತಿ ಕೆಳಗೆ ಒಂದನೆಯ ಮಗ್ಗದಲ್ಲೇ ಇದ್ದಾರೆ, ಕಿವಿ ಇನ್ನೂ ಕೇಳುತ್ತದೆ. ನಾಲ್ಕನೆಯವಳು ನನ್ನ ಹೆಂಡತಿ. ಇವತ್ತು ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇಲ್ಲ ಎಂದು ಮೆಸೇಜು ಬಂದಿತ್ತು. ಹನ್ನೊಂದಕ್ಕೆ ಕೆಳಗೆ ಹೋಗಿ ಜಗಲಿಯ ಮೇಲೆ ಕೂತಿದ್ದಾಳೆ.